ಒಂದನೇ ಪ್ರಶ್ನೆ

ಚಿಯಾತುರಾದಲ್ಲಿ ಹೊಳೆಯೂ ಕಪ್ಪು, ಒಣಹಾಕಿದ ಬಟ್ಟೆಯ ಅಂಚೂ ಕಪ್ಪು.
ಕೇಬಲ್ ಕಾರ್ ಇಳಿದು, ಉಸಿರು ಬಿಡುತ್ತ ಮೆಟ್ಟಿಲು ಹತ್ತಿ
ಬಾಗಿಲು ಬಡಿದೆ. ನನ್ನ ಪಟ್ಟಿಯ ಹದಿನೇಳನೇ ಮನೆ.
ಪೂರ್ತಿ ತುಂಬಿದ ನಮೂನೆಗೆ ಮಾತ್ರ ಕೂಲಿ ನನಗೆ,
ಅರ್ಧ ತುಂಬಿದ್ದಕ್ಕೆ ಬರೀ ಮೊಣಕಾಲು ನೋವು.

ಒಂದನೇ ಪ್ರಶ್ನೆ: ಈ ಮನೆಯಲ್ಲಿ ಎಷ್ಟು ಜನ?

"ನಾಲ್ಕು" ಅಂದಳು ಮುದುಕಿ ಬಾಬುತ್ಸಾ.
"ಐದು" ಅಂದ ಮೊಮ್ಮಗ ಗಿಗ್ಲಾ,
ಬಾಯಿ ತುಂಬ ಜೋಳದ ರೊಟ್ಟಿ.

ಕೈಪಿಡಿಯ ಒಂಬತ್ತನೇ ಪುಟ ನನಗೆ ಬಾಯಿಪಾಠ:
ವರ್ಷದಲ್ಲಿ ಆರು ತಿಂಗಳಾದರೂ ಒಂದೇ ಒಲೆಯದು ಉಂಡವರು
ಒಂದೇ ಮನೆಯವರು.
ಹಾಗಾದರೆ ನಾಲ್ಕು, ಎಂದು ಪೆನ್ಸಿಲು ಇಳಿಸುವಾಗ
ಉಪ್ಪಿನ ಡಬ್ಬಿಗೆ ಒರಗಿಸಿದ್ದ ಫೋನನ್ನು
ಹುಡುಗ ನನ್ನ ಕಡೆ ತಿರುಗಿಸಿದ.

ಒಳಗೊಬ್ಬಳು ಹೆಂಗಸು, ಇಟಲಿಯ ಬಾರಿಯಲ್ಲಿ,
ಯಾರದೋ ಅಡುಗೆಮನೆಯಲ್ಲಿ ಯಾರದೋ ಅಜ್ಜಿಗೆ
ಸೇಬು ತುರಿಯುತ್ತಿದ್ದಳು.
"ನಾನು ನಾಜಿಬ್ರೋಲಾ. ಕೇಳಿಸ್ತಾ ಇದೆ, ನೀವು ಮಾತಾಡಿ.
ಗೋಚಾ, ಹಾಲು!"

ಹಾಲು ಉಕ್ಕುತ್ತಿತ್ತು.
ಒಲೆಯ ಪಕ್ಕವೇ ಇದ್ದ ನಾವು ಐವರಲ್ಲಿ
ಒಬ್ಬರೂ ನೋಡಿರಲಿಲ್ಲ.

ಹನ್ನೊಂದನೇ ಪ್ರಶ್ನೆಗೆ ಗೋಚಾ ಎದ್ದು ಕಿಟಕಿ ಮುಚ್ಚಿದ.
ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳು: ಯಾರು, ದಿನಕ್ಕೆಷ್ಟು ನಿಮಿಷ?
ಹದಿನೈದು ದಿನ ಗಣಿಯೊಳಗೆ, ಹದಿನೈದು ದಿನ ಮನೆಯೊಳಗೆ ಅವನು.
"ಅಮ್ಮ ಮಾಡ್ತಾಳೆ ಅಂತ ಬರ್ಕೊಳ್ಳಿ."
ಅಮ್ಮನ ಬೆರಳು ಸಂಧಿವಾತಕ್ಕೆ ಮುರುಟಿ
ಚಮಚವೂ ನಿಲ್ಲುತ್ತಿರಲಿಲ್ಲ ಅವುಗಳಲ್ಲಿ.
"ಹೆಸರೆಲ್ಲ ಅಳಿಸ್ತೀವಿ" ಅಂದೆ. "ಯಾರಿಗೂ ಗೊತ್ತಾಗಲ್ಲ."
"ಹೆಸರು ಅಳಿಸಬಹುದು. ಇದನ್ನ?" ಎಂದು
ಮಗಳು ತ್ಸಿಯಾಲಾಳ ಜಡೆ ತೋರಿಸಿದ.
ಗಣಿಯ ಹಗ್ಗ ಹೆಣೆದ ಕೈ: ಎಂಟೆಳೆ, ಬಿಗಿ,
ಇಡೀ ಶಾಲೆಯಲ್ಲಿ ಅಂಥದು ಇನ್ನೊಂದಿಲ್ಲವಂತೆ.
ನೂರ ತೊಂಬತ್ತು ನಿಮಿಷ ಎಂದು ಬರೆದೆ.
ಯಾರು ಎಂಬಲ್ಲಿ ಸ್ವಲ್ಪ ಹೊತ್ತು ಖಾಲಿ ಬಿಟ್ಟೆ.

ಮೂವತ್ತೆಂಟು: ಹೊರಗಿನಿಂದ ಬರುವ ಹಣ.
ತಿಂಗಳಿಗೆ ಆರುನೂರು ಯೂರೋ.
ಚಾವಣಿಯ ತಗಡು, ಮುದುಕಿಯ ಕಟ್ಟಿಸಿದ ಹಲ್ಲು, ಗಿಗ್ಲಾನ ಬೂಟು,
ನಾನು ಕೂತಿದ್ದ ಕುರ್ಚಿ ಕೂಡ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವಳು ಲೆಕ್ಕಕ್ಕುಂಟು, ತಲೆಯೆಣಿಕೆಗಿಲ್ಲ.

ಕೊನೆಗೆ ಏಣಿಯ ಚಿತ್ರ ಹರಡಿದೆ. ಹತ್ತು ಮೆಟ್ಟಿಲು.
ಮೇಲಿನದು ಅತಿ ಒಳ್ಳೆಯ ಬದುಕು, ಕೆಳಗಿನದು ಅತಿ ಕೆಟ್ಟದ್ದು.
ನೀವು ಈಗ ಎಲ್ಲಿ ನಿಂತಿದ್ದೀರಿ?
ಗೋಚಾ ಮೀಸೆ ಎಳೆದು "ಐದಿರಲಿ" ಅಂದ,
ಸಂತೆಯಲ್ಲಿ ಚೌಕಾಶಿ ಮುಗಿಸಿದವನಂತೆ.
ಬಾಬುತ್ಸಾ ಕನ್ನಡಕ ಹಾಕಿ, ಹಾಳೆ ತಿರುಗಿಸಿ, ಮತ್ತೆ ತಿರುಗಿಸಿ,
"ಈ ಏಣಿ ಯಾವುದಕ್ಕೆ ಒರಗಿದೆ ಮಗಳೇ? ಮೊದಲು ಅದನ್ನ ಹೇಳು."
ಕೈಪಿಡಿಯಲ್ಲಿ ಅದಿರಲಿಲ್ಲ.

"ನನ್ನನ್ನ ಕೇಳಲೇ ಇಲ್ಲ" ಎಂದಿತು ಉಪ್ಪಿನ ಡಬ್ಬಿಯ ಕಡೆಯಿಂದ.
ನಿಯಮ ಹೇಳಿದೆ. ಅವಳು ಸಿಟ್ಟಾಗಲಿಲ್ಲ.
"ಇಲ್ಲಿಗೂ ಬಂದಿದ್ರು ಹೋದ ವರ್ಷ, ನಿಮ್ಮ ಹಾಗೇ ಚೀಲ ಹಾಕ್ಕೊಂಡು.
ಮನೇಲಿ ಎಷ್ಟು ಜನ ಅಂದ್ರು.
ನನ್ನ ಅಜ್ಜಿ ಹೇಳಿದ್ಲು: ನಾನೊಬ್ಬಳೇ.
ನಾನು ಅವಳ ಕಾಲು ಒತ್ತುತ್ತಾ ಅಲ್ಲೇ ಕೂತಿದ್ದೆ."
ನಕ್ಕಳು. ತಟ್ಟೆ ಅಂಚಿಗೆ ಸೇಬಿನ ತಿರುಳು ಕೊಡವಿ
ಆ ಕಡೆ ಯಾರಿಗೋ ಇಟಾಲಿಯನ್ನಿನಲ್ಲಿ "ಬಂದೆ ಬಂದೆ" ಅಂದಳು.
ಪರದೆಯಲ್ಲಿ ಬರೀ ಗೋಡೆ ಉಳಿಯಿತು, ಒಂದು ಕ್ಯಾಲೆಂಡರು.
ಗಿಗ್ಲಾ ಫೋನು ಆರಿಸಲಿಲ್ಲ.

ನಾಲ್ಕು ಎಂದೇ ಬರೆದೆ. ನನಗೂ ಬಾಡಿಗೆ ಕಟ್ಟುವುದಿದೆ.
ಇಳಿಯುವ ಕೇಬಲ್ ಕಾರಿನಲ್ಲಿ, ತೊಡೆಯ ಮೇಲೆ ಹಾಳೆಯಿಟ್ಟು,
ಅಂಚಿನಲ್ಲಿ ಒಂದು ಮಾತು ಗೀಚಿದ್ದೆನಂತೆ.
ಬುಧವಾರ ತಿಬಿಲಿಸಿಯ ಕಚೇರಿಯಿಂದ ಕರೆ:
"ಹದಿನೇಳನೇ ಮನೆ. ಎಲ್ಲ ಸರಿ ಇದೆ.
ಒಂದನೇ ಪ್ರಶ್ನೆಯ ಪಕ್ಕ 'ಹಾಲು' ಅಂತ ಬರೆದಿದ್ದೀರಿ.
ಇದನ್ನ ಖರ್ಚಿಗೆ ಹಾಕೋಣವೋ, ಆದಾಯಕ್ಕೋ?"