ಹದಿನೇಳು ಸಾಕು

ಹದಿನೆಂಟು ಇಂಚೇ ಬೇಕು ಅಂದ ಚಿಂತನ್.
ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು,
ಹೋದ ತಿಂಗಳು ಕೊಂಡದ್ದು, ಮೂರನೇ ಒಡೆಯ.
ಸ್ಟೀರಿಂಗು ಪೂರ್ತಿ ತಿರುಗಿಸಿ
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ
ಎರಡು ಬೆರಳು ತೂರಿಸಿ ತೋರಿಸಿದೆ.
ಇಷ್ಟೇ ಜಾಗ ಮಾರಾಯ, ಹದಿನೇಳು ಸಾಕು.

ಬೋಲ್ಟು ಹಟ ಹಿಡಿಯಿತು.
ಸಾದಿಕ್ ಪಾನಾಕ್ಕೆ ಪೈಪು ಸಿಕ್ಕಿಸಿ ತುಳಿದ;
ಕಟ್ ಅಂತ ಬಿಟ್ಟುಕೊಂಡಿತು.
ಹಳೇ ಡಿಸ್ಕಿನ ಅಂಚಿಗೆ ಏಣು ಎದ್ದಿತ್ತು,
ಉಗುರು ಸಿಕ್ಕಿಕೊಳ್ಳುವಷ್ಟು.
'ಇದರಲ್ಲೇ ಗಿರಿ ಇಳಿದೆಯಾ?'
ಅವನು ಗೋಡೆಯ ಬೋರ್ಡು ಓದತೊಡಗಿದ:
ಸಾಲ ಕೇಳಬೇಡಿ.

ಹೊಸ ಪ್ಯಾಡು ಪಳಗಲಿ ಅಂತ
ಸಂಜೆ ಕೈಮರ ದಾಟಿ ಹತ್ತಿದೆವು.
ಇಳಿಯುವಾಗ, ಮೂರನೇ ತಿರುವಿನಲ್ಲಿ,
ನಡುರಸ್ತೆಗೆ ಮಲಗಿತ್ತು ಒಂದು ದನ
ಮೆಲುಕು ಹಾಕುತ್ತ.
ಟೈರು ಕಿರುಚಲಿಲ್ಲ.
ಬಂಪರಿಗೂ ಮೂತಿಗೂ ನಡುವೆ
ಒಂದು ಗೇಣು, ಹೆಚ್ಚೆಂದರೆ.
ದನ ಕಿವಿ ಆಡಿಸಿತು, ಏಳಲಿಲ್ಲ.
ಚಿಂತನ್ ಹಾರ್ನ್ ಹೊಡೆಯಲಿಲ್ಲ.
ಕೆಳಗೆ ಚಿಕ್ಕಮಗಳೂರಿನ ದೀಪ
ಒಂದೊಂದಾಗಿ ಹತ್ತುವವರೆಗೂ ಕೂತೆವು.

ಬೆಳಗ್ಗೆ ವಾಲ್ವ್ ಕ್ಯಾಪಿಗೂ ಚೌಕಾಸಿ ಮಾಡಿದವ
ಬಿಲ್ಲು ನೋಡದೇ ದುಡ್ಡು ಕೊಟ್ಟ.

ಹಳೇ ಡಿಸ್ಕು ಇಲ್ಲೇ ಇದೆ,
ನೀರಿನ ಡ್ರಮ್ಮಿನ ತಗಡು
ಗಾಳಿಗೆ ಹಾರದ ಹಾಗೆ.