ಎರಡು ಬೆರಳಿನ ಜಾಗ

ಲಂಡನ್ ಬ್ರಿಜ್ ಹತ್ತಿರ, ಕಡಲು ಎರಚಿದ ಮರಳಿನ ಮೇಲೆ
ಚೈತ್ರಾಲಿಯ ಸೈಕಲ್ಲು ಜಾರಿದ್ದು ಬೆಳಿಗ್ಗೆ ಏಳೂಮುಕ್ಕಾಲಿಗೆ.
ನಾನಾಗ ಬೈತಖೋಲದ ಧಕ್ಕೆಯಲ್ಲಿ
ಬಂಗುಡೆಗೆ ಮಂಜುಗಡ್ಡೆ ಸುರಿಯುತ್ತಿದ್ದೆ.
ಕೊರಳ ಪಕ್ಕದ ಎಲುಬು ಮುರಿಯಿತು. ಮೊಣಕೈ ಸುಲಿಯಿತು.
ತಲೆಗೆ ಏನೂ ಆಗಲಿಲ್ಲ.
ಹೆಲ್ಮೆಟ್ಟಿಗೆ ಆಯಿತು:
ಎಡಗಿವಿಯ ಮೇಲೆ ಬೆರಳುದ್ದ ಬಿರುಕು.

ಆಸ್ಪತ್ರೆಗೆ ಬಂದವರದೆಲ್ಲ ಒಂದೇ ಮಾತು,
'ಹೆಲ್ಮೆಟ್ಟು ಉಳಿಸಿತು ನೋಡು.'
ರುಕ್ಮಾಕರ ಮಾತ್ರ, ಅವಳಿಗೆಂದು ತಂದ ಬಾಳೆಹಣ್ಣು ತಾನೇ ಸುಲಿಯುತ್ತ,
'ನಾವು ಬಿದ್ದಿಲ್ಲವಾ ಮಾರಾಯ?
ನಮ್ಮ ತಲೆಗೇನು ಡಬ್ಬಿ ಕವುಚಿದ್ದರಾ?' ಅಂದ.
ಅವನ ಹಣೆಯಲ್ಲೊಂದು ಹಳೆಯ ಗುಳಿ ಇದೆ.
ಒಮ್ಮೊಮ್ಮೆ ಹೆಂಡತಿಯ ಹೆಸರು ಮರೆಯುತ್ತಾನೆ.
ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ,
ಯಾರು ಹೇಳಬೇಕು?

ಡಾಕ್ಟರನ್ನು ಕೇಳಿದೆ. ಎಳೆಯ ಹುಡುಗ,
ಎರಡು ರಾತ್ರಿ ನಿದ್ದೆ ಕಾಣದ ಕಣ್ಣು.
'ಏನೂ ಆಗದವರು ಇಲ್ಲಿಗೆ ಬರೋದೇ ಇಲ್ಲ.
ಎದ್ದು, ಮಣ್ಣು ಕೊಡವಿ, ಮನೆಗೆ ಹೋಗ್ತಾರೆ.
ನನಗೆ ಕಾಣೋದು ಒಡೆದದ್ದು ಮಾತ್ರ.'
ಸರಿ ಅನಿಸಿತು.
ಬುಟ್ಟಿಯಲ್ಲಿ ಬಿದ್ದ ಮೀನನ್ನು ಹಿಡಿದು
ಬಲೆ ತಪ್ಪಿಸಿಕೊಂಡವು ಎಷ್ಟು ಎಂದು ಕೇಳಿದ ಹಾಗೆ
ಕೇಳಿದ್ದೆ ನಾನು.

ರಾತ್ರಿ ಅವಳು ಮಲಗಿದ ಮೇಲೆ
ಹೆಲ್ಮೆಟ್ಟಿನ ಒಳಗಿನ ಕರಿ ಬಟ್ಟೆ ಕಿತ್ತೆ.
ಥರ್ಮಾಕೋಲ್!
ಎಂಟುನೂರೈವತ್ತು ಎಣಿಸಿ ಕೊಟ್ಟು
ಮೀನಿನ ಪೆಟ್ಟಿಗೆಯನ್ನೇ ಕೊಂಡು ತಂದಿದ್ದೆನಲ್ಲ ಎಂದು ನಗು ಬಂತು.
ಆಮೇಲೆ ಬರಲಿಲ್ಲ.
ಇಪ್ಪತ್ತೆರಡು ವರ್ಷ ಹೊತ್ತ ಬಿಳಿ ಇದು. ನನಗೆ ಗೊತ್ತು ಇದರ ಗುಣ.
ಲಾರಿಯಿಂದ ಪೆಟ್ಟಿಗೆ ಬಿದ್ದರೆ ಮೂಲೆ ಕುಸಿಯುತ್ತದೆ,
ಒಳಗೆ ಬಂಗುಡೆಯ ಕಣ್ಣು ಹೊಳೆಯುತ್ತಲೇ ಇರುತ್ತದೆ.
ಒಡೆಯುವುದೇ ಅದರ ಕೆಲಸ.
ಆದರೆ ಅದೇ ಲಾರಿ ಹಿಂದಕ್ಕೆ ಬಂದು
ಪೆಟ್ಟಿಗೆ ಹತ್ತಿದ್ದನ್ನೂ ನೋಡಿದ್ದೇನೆ.
ಬಿಳಿ ಕಾಳು ಯಾವುದು, ಮೀನು ಯಾವುದು,
ಸಂಜೆವರೆಗೆ ಬಾಚಿದೆವು.

ಪಾಸ್ಕೋಲನ ಸೈಕಲ್ ಅಂಗಡಿಗೆ ಹೋದೆ.
ಅವನ ಪ್ರಯೋಗ ಅವನದು:
ಒಂದೇ ಗೊನೆಯ ಎರಡು ಕಾಯಿ ತಂದ.
ಒಂದಕ್ಕೆ ಹೆಲ್ಮೆಟ್ಟು ಬಿಗಿದ. ಎರಡನ್ನೂ ಮಾಳಿಗೆಯಿಂದ ಬಿಟ್ಟ.
ಬೋಳು ಕಾಯಿ ಪೂಜೆಗೆ ಒಡೆದ ಹಾಗೆ ಎರಡು ಹೋಳು.
ಇನ್ನೊಂದು ಇಡಿಯಾಗಿತ್ತು.
ಅದನ್ನೆತ್ತಿ ನನ್ನ ಕಿವಿಯ ಹತ್ತಿರ ಕುಲುಕಿದ.
'ಕರಟ ಒಡೆದಿಲ್ಲ, ಅಷ್ಟು ಖರೆ.
ಒಳಗಿನ ನೀರು ಎಷ್ಟು ಅಲುಗಾಡಿತು ಕೇಳಬೇಡ,
ನಾನು ಪಂಕ್ಚರ್ ಹಾಕುವವ.'

ಒಂದೇ ಗೊನೆಯಲ್ಲಿ ಎರಡು ಕಾಯಿ ಸಿಗುತ್ತವೆ.
ಚೈತ್ರಾಲಿ ಒಬ್ಬಳೇ.
ಅದೇ ಮರಳು, ಅದೇ ತಿರುವು, ಅದೇ ಏಳೂಮುಕ್ಕಾಲು,
ಈ ಸಲ ಬರಿತಲೆಯಲ್ಲಿ ಎಂದು
ಅವಳನ್ನು ಇನ್ನೊಮ್ಮೆ ಬೀಳಿಸಿ ನೋಡುವಂತಿಲ್ಲ.
ಹಾಗಾಗಿ ನನಗೆ ಗೊತ್ತಿಲ್ಲ.
ಗೊತ್ತಿಲ್ಲದೆಯೇ ಹೊಸದೊಂದು ಕೊಂಡೆ.
ಒಂದು ಹೆಲ್ಮೆಟ್ಟಿಗೆ ಒಂದೇ ಬೀಳು ಎಂದ ಪಾಸ್ಕೋಲ,
ಹಳೆಯದನ್ನು ಬಿಸಾಡು ಎಂದ.
ಬಿಸಾಡಿಲ್ಲ.

ಎಲುಬು ಕೂಡಿದ ಮೇಲೆ ಮೊದಲ ದಿನ
ಅವಳ ಗಲ್ಲದ ಕೆಳಗೆ ಪಟ್ಟಿ ಬಿಗಿದೆ.
ಎರಡು ಬೆರಳು ತೂರುವಷ್ಟು ಜಾಗ ಬಿಡಬೇಕಂತೆ.
ನನ್ನ ಬೆರಳು ಮಂಜಿಗೆ ಮರಗಟ್ಟಿದ್ದವು.
'ಪಪ್ಪಾ, ಮೀನು ವಾಸನೆ,' ಎಂದು ಮುಖ ತಿರುಗಿಸಿದಳು. ಆಮೇಲೆ,
'ಇದು ಹಾಕಿದರೆ ಏನೂ ಆಗುವುದಿಲ್ಲ ಅಲ್ವಾ?'

ಬ್ರೇಕು ಒತ್ತಿ ನೋಡಿದೆ. ಗಾಲಿ ತಿರುಗಿಸಿ ನೋಡಿದೆ.
'ಮರಳು ಕಂಡರೆ ಇಳಿದು ತಳ್ಳು,' ಅಂದೆ.

ಅವಳಿಗೆ ಹೇಳದ್ದು:
ಆ ಬೆಳಿಗ್ಗೆ ಆರೂವರೆಗೇ ಅಲ್ಲಿ ಹೋಗಿ
ತೆಂಗಿನಕಡ್ಡಿಯ ಪೊರಕೆಯಲ್ಲಿ
ತಿರುವು ಪೂರ್ತಿ ಗುಡಿಸಿ ಬಂದಿದ್ದೆ.
ಹಿಂದೆ ಹಿಂದೆಯೇ ಗಾಳಿ ಬರುತ್ತಿತ್ತು.