ಕಿವಿಗೆ ಸಿಗದ ಕೀಲಿ

ಚೌಬಾರಾದ ನೆರಳು ನನ್ನ ಪೆಟ್ಟಿಗಿ ಮ್ಯಾಲ ಬೀಳೋದು
ಸಂಜಿ ನಾಲ್ಕಕ್ಕ. ಅಲ್ಲಿತನಕ ಛತ್ರಿ.
ಛತ್ರಿಯ ಕಡ್ಡಿಗೆ ಜೋತುಬಿದ್ದ ಕೋರಾ ಚಾವಿಗಳು,
ಇನ್ನೂ ಹಲ್ಲು ಬಾರದ ಕೂಸುಗಳು.

ಇಪ್ಪತ್ತಾರು ವರ್ಷ. ಬೀದರಿನ ಯಾವ ಕಪಾಟು, ಯಾವ ಗೋದಾಮು,
ಸಿಟ್ಟಿಲೆ ತವರಿಗೆ ಹೋದಾಕಿ ಕೀಲಿ ಜಡಿದ ಟ್ರಂಕು,
ಕಿವಿ ಹಚ್ಚಿದರ ಸಾಕು,
ಒಳಗ ಒಂದೊಂದೇ ಹಲ್ಲು ಏಳೋದು ಕೇಳತದ.

ಮೊನ್ನೆ ಗಣಪತರಾವನ ಗೋದಾಮಿನ ಚಾವಿ
ಎರಡು ಸಲ ಕೆಟ್ಟಿತು. ಕಾನಸು ಜಾರಿ ಹೆಬ್ಬೆಟ್ಟು ಸೀಳಿತು.
"ನಿದ್ದಿ ಇಲ್ಲೇನೋ ಝರೆಪ್ಪಾ" ಅಂದ.
ನಿದ್ದಿ ಎಲ್ಲಿಂದ ಬರಬೇಕು?
ರಾತ್ರಿ ಮೂರಕ್ಕ ನನ್ನ ವಜೀರ
ಯಾವುದೋ ದೇಶದ ಯಾವನದೋ ಕುದುರೆಯ ಕಾಲಾಗ ಸಿಕ್ಕಿದ್ದ.
ಗೆದ್ದರ ಇನ್ನೊಂದು ಆಟ. ಸೋತರ ಖಂಡಿತ ಇನ್ನೊಂದು.

ಮುಜಮ್ಮಿಲನ ಮೊಬೈಲ್ ಅಂಗಡಿಗೆ ಹೋಗಿ
ಗಿರಾಕಿ ಕರಗಲಿ ಅಂತ ಕಾದೆ.
ಒಂದು ಸೈಟು ಬಂದ್ ಮಾಡಬೇಕಾಗ್ಯಾದ,
ನನ್ನ ಫೋನಿನಾಗ, ನನಗ.
ಹುಡುಗ ದನಿ ಇಳಿಸಿದ, ಇನ್ನೂ ಮೀಸಿ ಬಾರದ ತುಟಿಯಾಗ ನಕ್ಕ:
"ಎಲ್ಲಾರೂ ಬರ್ತಾರ ಚಾಚಾ, ನಾಚಬ್ಯಾಡ್ರಿ. ಯಾವ್ದು?"
ಶತರಂಜು, ಅಂದೆ.
ಅವನ ಮಾರಿ ಬಾಡಿತು.

ಬಂದ್ ಮಾಡೋದು ಎರಡು ನಿಮಿಷದ ಕೆಲಸ.
ಆ ಮ್ಯಾಲ ಸುರುವಾತು ಫಜೀತಿ: ಚಾವಿ ಯಾರ ಹಂತ್ಯಾಕ?
ನನಗ ಕೊಟ್ಟರ ಬೇಲಿನೇ ಎದ್ದು ಹೊಲ ಮೇಯ್ತದ.
ಅವನ ಹಂತ್ಯಾಕ ಇಟ್ಟರ
ನಾಳೆ ಅವನ ಶಟರಿನ ಮುಂದ ನಾನೇ ಮಲಗಿರತೀನಿ.
ಗ್ವಾಡಿ ಕಡೆ ಮಾರಿ ಮಾಡಿ ನಿಂತೆ. ಅವ ಆರು ಅಂಕಿ ಒತ್ತಿದ,
ಚೀಟಿಗೆ ಬರೆದ, ಮಡಚಿ ಪಿನ್ನು ಹೊಡೆದ.
ಊರ ಕೀಲಿಯೆಲ್ಲಾ ತೆಗೆಯೋ ಝರೆಪ್ಪ
ಶಾಲಿ ಹುಡುಗನಂಗ ಗ್ವಾಡಿ ನೋಡಕೋತ ನಿಂತಿದ್ದ.
ಗ್ವಾಡಿ ಮ್ಯಾಲ ಯಾವುದೋ ಸಿಮ್ಮಿನ ಜಾಹೀರಾತು, ಒಬ್ಬ ಹುಡುಗಿ,
ಅಕಿಗೂ ನಗಿ.

ಜಗದೇವಿ ಚೀಟಿ ತಗೊಂಡು "ಇದೇನು, ಸಾಲದ್ದಾ?" ಅಂದಳು.
ಅಲ್ಲ. ನಾನು ಕೇಳಿದರೂ ಕೊಡಬ್ಯಾಡ.
"ನೀವು ಕೇಳಿದ್ದು ಯಾವಾಗ ಕೊಟ್ಟೀನಿ?"
ಅಡಿಗಿ ಮನ್ಯಾಗ ಯಾವುದೋ ಮುಚ್ಚಳದ ಸಪ್ಪಳ.

ಈ ಊರ ಕೋಟಿಗೆ ಕೆಂಪು ಕಲ್ಲು ಕಡಿದ ಮೂರು ಸುತ್ತಿನ ಕಂದಕ.
ಸಣ್ಣವಿದ್ದಾಗ ಅಪ್ಪಗ ಕೇಳಿದ್ದೆ:
ಹೊರಗಿನವರು ಒಳಗ ಬರಬಾರದು, ಸರಿ,
ಒಳಗಿನವನೇ ಈಜಿ ಹೋಗತೀನಂದ್ರ?
ಅಪ್ಪ ಮಾತಾಡಲಿಲ್ಲ. ಅವಂದೂ ಕೀಲಿ ಕೆಲಸ, ಮ್ಯಾಲ ಸಿಂದಿ.
ಸಂಜಿಯಾದರ ತಾನೇ ಚಪ್ಪಲಿ ಬಿಚ್ಚಿ ಅವ್ವನ ಕೈಯಾಗ ಕೊಟ್ಟು
ಬಚ್ಚಿಡು ಅಂತಿದ್ದ.
ಬರಿಗಾಲಲೆ ಹೋಗತಿದ್ದ.

ಮೊದಲ ರಾತ್ರಿ ಬೆರಳು ತಾನೇ ಹೋತು.
ಬಿಳಿ ಪರದೆ, ನಡುವ ಒಂದು ಸಾಲು:
ಈ ಪುಟಕ್ಕೆ ಪ್ರವೇಶವಿಲ್ಲ. ತಡೆದವರು: ನೀವು.
ಹೆಂಡತಿ ಬಿಟ್ಟರ ನನಗ ನೀವು ಅಂದದ್ದು ಇದೊಂದೇ.
ಯಾರೂ ನೋಡಲಿಲ್ಲ ಅಂತ ಹೇಳತೀನಿ,
ಫೋನು ಕಿವಿಗೆ ಹಚ್ಚಿದೆ.
ಹಲ್ಲಿಲ್ಲ, ಸ್ಪ್ರಿಂಗಿಲ್ಲ. ಒಳಗ ಏನೂ ಏಳಲಿಲ್ಲ.
ಗಾಜು ಮಾತ್ರ ಬೆಚ್ಚಗ,
ಜ್ವರ ಬಂದ ಕೂಸಿನ ಗಲ್ಲದಂಗ.

ಮೂರನೇ ರಾತ್ರಿ ಕತ್ತಲಿನಾಗಿಂದ ಜಗದೇವಿ,
"ಬೇಕೇನು?"
ಬ್ಯಾಡ, ಅಂದೆ. ನೀರು ಕುಡಿದೆ. ಮಗ್ಗಲಾದೆ.
ಕಿಲ್ಲಾದ ಕಡೆ ನಾಯಿ ಬೊಗಳಿ ಸುಮ್ಮನಾದವು.
ಒಂದು ತಾಸಿನ ಮ್ಯಾಲ,
ಅಕಿಗೆ ನಿದ್ದಿ ಹತ್ತ್ಯಾದ ಅಂತ ಖಾತ್ರಿ ಮಾಡಿಕೊಂಡು,
ಹಗೂರಕ ಕೇಳಿದೆ:
ಯಾವ ಡಬ್ಬಿ?